ಬಂದ್ ಆದ ಫ್ಯಾಕ್ಟರಿ ಜಾಗದಾಗ ಉಪ್ಪು ಹಿಡಿದ ಮಣ್ಣು, ಬೋರಿನ ನೀರು ಸರಿ ಮಾಡೋದು ಹೆಂಗ: ಸಮಗ್ರ ಮಾರ್ಗದರ್ಶಿ

ಕಲಬುರಗಿ ಕಡೆ ನಮ್ಮ ಕಾಕಾರದ್ದು ಒಂದು ಹೊಲ ಅದ, ಪಕ್ಕಾ ಎರಿ ಭೂಮಿ. ಬಾಜೂಕ ಒಂದು ಫ್ಯಾಕ್ಟರಿ ಇತ್ತು, ಬಂದ್ ಆಗಿ ಭಾಳ ವರ್ಷ ಆತು, ಮಷೀನು ಗುಜರಿಗೆ ಹೋದ್ವು, ಶೆಡ್ಡಿನ ತಗಡೂ ಹೋದ್ವು, ಉಳಿದಿದ್ದು ಹಿಂದಿನ ಒಂದು ಹೊಂಡ. ಬಾಯ್ಲರ್‌ಗೆ ಹೋಗೋ ನೀರು ಮೆತ್ತಗ ಮಾಡೋ ಸಾಫ್ಟನರ್ ಇರ್ತದಲ್ಲ, ಅದರ ರೆಸಿನ್ ತೊಳೆದ ಉಪ್ಪುನೀರು ವರ್ಷಗಟ್ಟಲೆ ಆ ಹೊಂಡಕ್ಕ ಬಿಟ್ಟಿದ್ರು. ಹೊಂಡಕ್ಕ ಪ್ಲಾಸ್ಟಿಕ್ ಇಲ್ಲ, ಸಿಮೆಂಟ್ ಇಲ್ಲ. ಏಪ್ರಿಲ್ ಬಂತಂದ್ರ ಕಾಕಾರ ಬದುವಿನ ಗುಂಟ ಹಿಟ್ಟು ಉದುರಿಸಿದಂಗ ಬಿಳೀ ಪದರ ಏಳ್ತಿತ್ತು, ತೊಗರಿ ನಾಕ್ ಎಲಿ ಬಿಡೋದ್ರಾಗ ಎಲಿ ಅಂಚು ಸುಟ್ಟಂಗಾಗಿ ಒಣಗ್ತಿತ್ತು. ಮಣ್ಣು ನೀರು ಟೆಸ್ಟ್ ಮಾಡೋದು ನನ್ನ ದಿನದ ಕೆಲಸ, ಆ ಜಾಗ ಸರಿ ಮಾಡೋದ್ರಾಗ ಮೊದಲಿಂದ ಜೋಡಿ ಇದ್ದೀನಿ, ಅಲ್ಲಿ ಕಲ್ತಿದ್ದು ಬೀದರ್ ಯಾದಗಿರಿ ಕಡೆಯವ್ರಿಗೂ ಉಪಯೋಗ ಆಗ್ಲಿ ಅಂತ ಪೂರ್ತಿ ಬರೀತಿದ್ದೀನಿ.

ಮೊದಲ ಒಂದು ಮಾತು ತಲ್ಯಾಗ ಇಟ್ಕೋರಿ. ಡೀಸೆಲ್ ಚೆಲ್ಲಿದ ಮಣ್ಣಾದ್ರ ಗಾಳಿ ನೀರು ಸಿಕ್ರ ಸೂಕ್ಷ್ಮಜೀವಿಗಳು ನಿಧಾನಕ್ಕ ಅದನ್ನ ತಿಂದು ಮುಗಸ್ತಾವ. ಉಪ್ಪು ಹಂಗಲ್ಲ. ಅದು ಕೊಳೆಯಂಗಿಲ್ಲ, ಸುಡಂಗಿಲ್ಲ, ಯಾವ ಪುಡಿ ಯಾವ ಲಿಕ್ವಿಡ್ ಹಾಕಿದ್ರೂ ಮಾಯ ಆಗಂಗಿಲ್ಲ, ಕ್ಲೋರೈಡ್ ಅಂತೂ ಮಣ್ಣಿಗೆ ಅಂಟ್ಕೊಳ್ಳೋದೂ ಇಲ್ಲ. ಜಾಗ ಬದಲಸ್ತದ ಅಷ್ಟ. ಹಿಂಗಾಗಿ ಕೆಳಗಿನ ಪ್ರತಿ ಹೆಜ್ಜ್ಯಾಗೂ ಕೇಳಬೇಕಾಗಿದ್ದು ಇಲ್ಲಿಂದ ಹೋದ ಉಪ್ಪು ಎಲ್ಲಿಗೆ ಹೋತು ಅಂತ. ಉತ್ತರ "ಕೆಳಗ ಹೋತು" ಅಂತಿದ್ರ ಅದು ನಿಮ್ಮ ಬೋರಿಗೆ, ಇಲ್ಲ ಮಗ್ಗಲ ಮನಿಯವರ ಬೋರಿಗೆ ಹೋಗ್ಯದ ಅಂತನ ಅರ್ಥ.

1. ಬರೀ ಉಪ್ಪೇನಾ, ಬ್ಯಾರೆ ಏನರ ಅದನಾ

ಸಲಿಕೆ ಹಿಡಿಯೋಕಿಂತ ಮೊದಲ ಅಲ್ಲಿ ಕೆಲಸ ಮಾಡಿದ ಹಳೇ ಮಂದಿನ್ನ ಹುಡುಕಿ ಕೇಳ್ರಿ. ಯಾವ ಚೀಲ ಬರ್ತಿದ್ವು, ಯಾವ ಡ್ರಮ್ ಎಲ್ಲಿ ಇಡ್ತಿದ್ರು, ಮಳಿಗಾಲದಾಗ ನೀರು ಯಾವ ಕಡೆ ಬಿಡ್ತಿದ್ರು, ಇದನ್ನೆಲ್ಲಾ ಲ್ಯಾಬ್ ರಿಪೋರ್ಟ್ ಹೇಳಂಗಿಲ್ಲ, ಅವ್ರು ಹೇಳ್ತಾರ. ಚರ್ಮ ಹದ ಮಾಡೋ ಕೆಲಸ ಇತ್ತಂದ್ರ ಕ್ರೋಮಿಯಂ ಟೆಸ್ಟ್ ಬೇಕು, ಬಣ್ಣ ಔಷಧಿ ಕೆಲಸ ಇತ್ತಂದ್ರ ಸಾಲ್ವೆಂಟ್, ಭಾರ ಲೋಹ ಎರಡೂ ಬೇಕು. ನೀರಿಗೆ ಬಣ್ಣ ಇದ್ರ, ಪೇಂಟ್ ವಾಸ್ನಿ ಬಂದ್ರ ಅಲ್ಲೇ ನಿಲ್ಲಸ್ರಿ, ಯಾಕಂದ್ರ ಉಪ್ಪು ತೊಳಿಯಾಕ ಹಾಕೋ ನೀರು ಆ ವಿಷಾನೂ ಕೆಳಗ ಒಯ್ತದ. ಮಣ್ಣು ನಾಲಿಗಿಗೆ ಹಚ್ಚಿ ನೋಡೋ ರೂಢಿ ನಮ್ಮ ಹಿರಿಯರಿಗೆ ಇತ್ತು, ಫ್ಯಾಕ್ಟರಿ ಜಾಗದಾಗ ಅದನ್ನ ದಯವಿಟ್ಟು ಮಾಡಬ್ಯಾಡ್ರಿ, ಗ್ಲೌಸ್ ಹಾಕ್ಕೊಂಡೇ ಮುಟ್ಟ್ರಿ.

ಹಂಗೇ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿ ಆಫೀಸಿಗೆ ಮತ್ತ ತಹಶೀಲ್ದಾರ್ ಆಫೀಸಿಗೆ ಬರವಣಿಗಿಯೊಳಗ ಅರ್ಜಿ ಕೊಟ್ಟು ಸ್ವೀಕೃತಿ ತಗೋರಿ. 1974ರ ಜಲ ಕಾಯ್ದೆ ಮೊದಲಿಂದ ಅದ, 2025ರಾಗ ಕಲುಷಿತ ಜಾಗಗಳ ನಿರ್ವಹಣೆಗೆ ಅಂತ ಬ್ಯಾರೇನೇ ಕೇಂದ್ರದ ನಿಯಮ ಬಂದಾವ. ಅಪಾಯಕಾರಿ ರಾಸಾಯನಿಕ ಇರೋ ಅನುಮಾನ ಇದ್ದ ಜಾಗಗಳ ಪಟ್ಟಿ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ಮಂಡಳಿ 90 ದಿನದಾಗ ಮೊದಲ ತಪಾಸಣೆ ಮಾಡಬೇಕು ಅಂತ ಅದ್ರಾಗ ಅದ. ಕ್ರೋಮಿಯಂ ಅಂಥಾದ್ದು ಸಿಕ್ರ ಈ ದಾರಿ ಬಿಟ್ಟು ಸ್ವಂತಕ್ಕ ಏನೂ ಮಾಡಬ್ಯಾಡ್ರಿ. ಮುಂದಿಂದೆಲ್ಲಾ ಬರೀ ಉಪ್ಪಷ್ಟೇ ಅದ ಅಂತ ಖಾತ್ರಿ ಆದ ಜಾಗಕ್ಕ.

2. ಫ್ಯಾಕ್ಟರಿ ಉಪ್ಪಾ, ಕಾಲುವಿ ಸವಳಾ

ಶಹಾಪುರ ಸುರಪುರ ಕಡೆ ಕಾಲುವಿ ನೀರು ಹೆಚ್ಚಾಗಿ ಸವಳು-ಜವಳು ಆದ ಭೂಮಿ ಬ್ಯಾರೆ, ಫ್ಯಾಕ್ಟರಿ ಹೊಂಡದಿಂದ ಬಂದ ಉಪ್ಪು ಬ್ಯಾರೆ. ನೀರಿನ ರಿಪೋರ್ಟ್ ಬಂದ್ರ ಸೋಡಿಯಂ ಅಂಕಿನ್ನ ಕ್ಲೋರೈಡ್ ಅಂಕಿಯಿಂದ ಭಾಗಸ್ರಿ, ಎರಡೂ ಲೀಟರಿಗೆ ಮಿಲಿಗ್ರಾಂ ಇರ್ಬೇಕು. 0.65ರ ಆಸುಪಾಸು ಬಂತಂದ್ರ ಅಡುಗಿ ಉಪ್ಪಿಂದು. ಆದ್ರ ಎರಿ ಮಣ್ಣು ಸೋಡಿಯಂ ಹಿಡಕೊಂಡು ಬದಲಿಗೆ ಕ್ಯಾಲ್ಸಿಯಂ ಬಿಡ್ತದ, ಅದಕ್ಕ ಹೊಂಡದಿಂದ ದೂರ ಹೋದಂಗ ಈ ಅಂಕಿ ಕಡಿಮಿ ಆಗ್ತದ, ನೀರಿನ ಗಡಸುತನ ಏರ್ತದ. ಕಾಕಾರ ಮನಿಯಾಗ ಬ್ಯಾಳಿ ಬೇಯಂಗಿಲ್ಲ ಅಂತ ಕಾಕಿ ವರ್ಷಾನುಗಟ್ಟಲೆ ಹೇಳ್ತಿದ್ರಲ್ಲ, ಇದೂ ಒಂದು ಕಾರಣ. ಸಲ್ಫೇಟ್ ಭಾಳ ಇದ್ರ ಮೂಲ ಬ್ಯಾರೆ ಅಂತ ತಿಳ್ಕೋರಿ. ಫ್ಯಾಕ್ಟರಿಯಿಂದ ಮ್ಯಾಲಿನ ಕಡೆ ಇರೋ ಒಂದು ಚಲೋ ಬಾವಿ ನೀರೂ ಜೋಡಿ ಟೆಸ್ಟ್ ಮಾಡಸ್ರಿ, ಹೋಲಿಸಾಕ ಅದು ಬೇಕೇ ಬೇಕು.

3. ಕೈಯಾಗ ಮಾಡೋ ಟೆಸ್ಟ್

ಒಂದು ಇಸಿ ಮೀಟರ್ (ನೀರಾಗ ಕರೆಂಟ್ ಎಷ್ಟ್ ಹಾಯ್ತದ ಅಂತ ಅಳದು ಉಪ್ಪಿನ ಅಂದಾಜು ಹೇಳೋದು) ತಗೋರಿ, ಜೋಡಿ 1413 ಮೈಕ್ರೊಸೀಮೆನ್ಸ್ ಅಂತ ಬರೆದಿರೋ ಸ್ಟ್ಯಾಂಡರ್ಡ್ ದ್ರಾವಣದ ಬಾಟ್ಲಿನೂ ತಗೋರಿ, ತಿಂಗಳಿಗೊಮ್ಮೆ ಆದ್ರೂ ಮೀಟರ್ ಅದ್ರಾಗ ಅದ್ದಿ ಸರಿ ತೋರಸ್ತದೋ ಇಲ್ಲೋ ನೋಡ್ರಿ. ಮನಿಯಾಗಿನ ಅಗ್ಗದ ಟಿಡಿಎಸ್ (ನೀರಾಗ ಕರಗಿದ ಒಟ್ಟು ಉಪ್ಪು) ಪೆನ್ನು ಭಾಳ ಉಪ್ಪುನೀರಿಗೆ ಕೈ ಎತ್ತಿಬಿಡ್ತದ, ಆಗ ಒಂದು ಪಾಲು ನೀರಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ನೀರು ಕೂಡಿಸಿ ಅಳದು ಹತ್ತರಿಂದ ಗುಣಸ್ರಿ.

ಮಣ್ಣಿಗೆ: ನೆರಳಾಗ ಒಣಗಿಸಿ ಪುಡಿ ಮಾಡಿದ ಮಣ್ಣು 20 ಗ್ರಾಂ, ಡಿಸ್ಟಿಲ್ಡ್ ನೀರು 100 ಮಿಲಿ, ಬಾಟ್ಲಿಗೆ ಹಾಕಿ ಚಲೋತ್ನಂಗ ಅಲ್ಲಾಡಿಸಿ, ತಿಳಿ ಬಂದ್ಮ್ಯಾಲ ಮೀಟರ್ ಅದ್ದಿ ಮಿಲಿಸೀಮೆನ್ಸ್ (mS/cm) ಅಂಕಿ ಓದ್ರಿ. ಎರಿ ಮಣ್ಣಿಗೆ ಬಂದ ಅಂಕಿನ್ನ ಸುಮಾರು 6ರಿಂದ 7ಕ್ಕ ಗುಣಿಸಿದ್ರ ಲ್ಯಾಬಿನವ್ರು ಮಣ್ಣು ನೀರಾಗ ರಾಡಿ ಮಾಡಿ ಅದರಿಂದ ಹಿಂಡಿದ ನೀರು ಅಳದು ಹೇಳೋ ಪೇಸ್ಟ್ ಇಸಿಗೆ ಹತ್ರ ಬರ್ತದ. ಅದು 4 ದಾಟಿದ್ರ ಸವಳು ಅಂತ ಲೆಕ್ಕ.

ಇನ್ನೊಂದು ಟೆಸ್ಟ್ ಅದ, ರೂಪಾಯಿ ಖರ್ಚಿಲ್ಲ, ನನ್ನ ಕೇಳಿದ್ರ ಇದನ್ನ ಮೀಟರಿಗಿಂತ ಮೊದಲ ಮಾಡಬೇಕು. ಗಾಜಿನ ಲೋಟದಾಗ ಡಿಸ್ಟಿಲ್ಡ್ ಇಲ್ಲಾ ಆರ್‌ಓ ನೀರು ತಗೊಂಡು, ಕಡ್ಲಿ ಕಾಳಿನಷ್ಟು ಒಣ ಮಣ್ಣಿನ ಹೆಂಟಿ ಮೆಲ್ಲಕ ಒಳಗ ಬಿಡ್ರಿ, ಅಲ್ಲಾಡಿಸಬ್ಯಾಡ್ರಿ. ಹೆಂಟಿ ಒಡದು ಬುಡದಾಗ ಕುಂತು ನೀರು ತಿಳಿ ಇದ್ರ ಅಡ್ಡಿಯಿಲ್ಲ ಅನ್ನಬಹುದು, ಆದ್ರ ಮಣ್ಣಿನಾಗ ಉಪ್ಪು ಭಾಳ ಇದ್ರ ಮೋಡ ಅಡಗಿರಬಹುದು, ಲ್ಯಾಬ್ ರಿಪೋರ್ಟೂ ನೋಡ್ರಿ. ಹೆಂಟಿ ಸುತ್ತ ಹಾಲು ಚೆಲ್ಲಿದಂಗ ಮೋಡ ಎದ್ದು, ಮರುದಿನ ಮುಂಜಾನಿಗೂ ಲೋಟ ಕದಡಿದ್ದೇ ಇದ್ರ, ಮಣ್ಣಿನ ಜೇಡಿ ಕಣಕ್ಕ ಸೋಡಿಯಂ ಅಂಟಿ ಕುಂತದ. ಈ ಮಣ್ಣಿಗೆ ಮೊದಲ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್ ಪುಡಿ) ಹಾಕದ ನೀರು ಬಿಟ್ರ ಕೆಟ್ಟಿರಿ. ಈ ಟೆಸ್ಟ್ ಬೋರಿನ ಉಪ್ಪುನೀರಾಗ ಮಾಡಬ್ಯಾಡ್ರಿ, ಉಪ್ಪುನೀರಾಗ ಜೇಡಿ ಗಟ್ಟಿ ಕೂಡ್ತದ, ಮೋಡ ಏಳಂಗಿಲ್ಲ, ಎಲ್ಲಾ ಬರೋಬ್ಬರಿ ಅದ ಅಂತ ಸುಳ್ಳು ತೋರಸ್ತದ.

ಮಾದರಿ ತಗಿಯೋದು ಹೊಂಡದಿಂದ ಶುರು ಮಾಡಿ ಇಳಿಜಾರಿನ ಗುಂಟ ಹತ್ತಿಪ್ಪತ್ತು ಮೀಟರಿಗೊಂದು, ಪ್ರತಿ ತಾವಿನ್ಯಾಗ 0-15, 15-30, 30-60, 60-100 ಸೆಂಟಿಮೀಟರ್ ಬ್ಯಾರೆ ಬ್ಯಾರೆ ಚೀಲಕ್ಕ. ಎಲ್ಲಾ ಚೀಲ ಕೈ ಮೀಟರಿನಾಗ ನೋಡಿ, ಅದ್ರಾಗ ಆರಿಸಿ ಹತ್ತು ಹನ್ನೆರಡು ಮಾತ್ರ ಲ್ಯಾಬಿಗೆ ಕೊಡ್ರಿ: ಪಿಎಚ್, ಪೇಸ್ಟ್ ಇಸಿ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್, ಸಲ್ಫೇಟ್, ಸಿಇಸಿ (ಮಣ್ಣಿನ ಕಣ ಸೋಡಿಯಂ, ಕ್ಯಾಲ್ಸಿಯಂ ಅಂಥಾವನ್ನ ಎಷ್ಟ್ ಹಿಡಕೋತಾವ ಅನ್ನೋದು), ಇಎಸ್‌ಪಿ (ಅದ್ರಾಗ ಸೋಡಿಯಂ ಎಷ್ಟ್ ಪರ್ಸೆಂಟ್ ಅನ್ನೋದು). ಕೃಷಿ ವಿಜ್ಞಾನ ಕೇಂದ್ರದಾಗ ಕೇಳ್ರಿ, ಸವಳು ಭೂಮಿ ಬಗ್ಗೆ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವ್ರಿಗೆ ಭಾಳ ವರ್ಷದ ಅನುಭವ ಅದ. ಇಎಸ್‌ಪಿ 15 ದಾಟಿದ್ರ ಸೋಡಿಯಂ ಮಣ್ಣು ಅಂತ ಪುಸ್ತಕ ಹೇಳ್ತದ, ನಮ್ಮ ಎರಿ ಮಣ್ಣು ಅದಕ್ಕಿಂತ ಮೊದಲ ತೊಂದ್ರಿ ಕೊಡ್ತದ, ಅದಕ್ಕ ಲೋಟದ ಟೆಸ್ಟ್ ಮ್ಯಾಲ ನನಗ ನಂಬಿಕಿ ಹೆಚ್ಚು.

4. ಉಪ್ಪಿನ ಲೆಕ್ಕದ ವಹಿ

ಇದನ್ನ ಯಾರೂ ಮಾಡಂಗಿಲ್ಲ, ಆದ್ರ ಇದಿಲ್ಲದ ಮುಂದಿನ ಖರ್ಚು ತಿಳಿಯಂಗಿಲ್ಲ. ಒಂದು ಎಕರೆ, ಒಂದು ಮೀಟರ್ ಆಳ ಅಂದ್ರ ಸುಮಾರು 4,000 ಘನ ಮೀಟರ್, ತೂಕ 5,200 ಟನ್ ಹಿಡೀರಿ. ಮ್ಯಾಲ ಹೇಳಿದ ಬಾಟ್ಲಿ ಟೆಸ್ಟಿನಾಗ ಸರಾಸರಿ 1.8 ಬಂತು ಅಂತಿಟ್ಕೋರಿ. 640ರಿಂದ (ಇಸಿಯಿಂದ ಉಪ್ಪು ತಗಿಯೋ ಅಂದಾಜು ಅಂಕಿ ಇದು) ಗುಣಿಸಿದ್ರ ಲೀಟರಿಗೆ 1,150 ಮಿಲಿಗ್ರಾಂ ಚಿಲ್ಲರೆ, ಒಂದು ಕೆಜಿ ಮಣ್ಣಿಗೆ ಐದು ಲೀಟರ್ ನೀರಿನ ಲೆಕ್ಕ ಇರೋದ್ರಿಂದ ಐದರಿಂದ ಗುಣಸ್ರಿ, ಕೆಜಿಗೆ ಹತ್ರ ಹತ್ರ 5.8 ಗ್ರಾಂ ಉಪ್ಪು. 5,200 ಟನ್ನಿಗೆ ಅದು 30 ಟನ್ ಆತು. 50 ಕೆಜಿ ಚೀಲ ಆದ್ರ 600 ಚೀಲ, ಒಂದೇ ಎಕರೆದಾಗ! ಈ 600 ಚೀಲ ವಹಿ ಒಂದು ಬಾಜೂಕ ಬರಕೋರಿ, ಪದರ ಕೆರದು ಎಷ್ಟ್ ಹೋತು, ಪಂಪ್ ಹೊಡದು ಎಷ್ಟ್ ಹೋತು ಅಂತ ಇನ್ನೊಂದು ಬಾಜೂಕ ಬರಕೋತ ಹೋಗ್ರಿ.

5. ಮೂಲ ಕೀಳೋದು

ಹೊಂಡದ ಬುಡದ ಕೆಸರು, ಅದರ ಸುತ್ತಿನ ಅತೀ ಉಪ್ಪಿನ ಮಣ್ಣು ಮೊದಲ ಹೊರಗ ತಗೀರಿ. ಕಡಿಮಿ ಖರ್ಚಿನಾಗ ಹೆಚ್ಚು ಉಪ್ಪು ಹೋಗೋದು ಇಲ್ಲೇ. ಬ್ಯಾಸಿಗ್ಯಾಗ ಬಿಸಿಲಿಗೆ ನೀರು ಮ್ಯಾಲೇರಿ ಉಪ್ಪು ತಂದು ಬಿಟ್ಟು ತಾನು ಹಾರಿಹೋಗ್ತದ, ಅದಕ್ಕ ಏಪ್ರಿಲ್ ಮೇ ತಿಂಗಳಾಗ, ಮೊದಲ ದೊಡ್ಡ ಮಳಿ ಬೀಳೋಕಿಂತ ಮೊದಲ, ಬಿಳೀ ಪದರ ಸೆಂಟಿಮೀಟರಿನಷ್ಟು ಕೆರೀಬೇಕು. ಪೂರಾ ಎಕರೆ ಕೆರದ್ರ 50 ಟನ್ ಹತ್ರ ಆಗ್ತದ, ಬಿಳಿ ಎದ್ದ ತಾವಷ್ಟೇ ಸಾಕು. ಮಳಿ ಒಮ್ಮಿ ಬಿತ್ತಂದ್ರ ಅದೇ ಉಪ್ಪು ವಾಪಸ್ ಒಳಗ ಹೋತು, ಒಂದು ವರ್ಷ ಕಾಯ್ರಿ.

ತಗದ ಮಣ್ಣು ಹಳ್ಳದ ದಂಡಿಗೆ, ಕೆರಿ ಅಂಗಳಕ್ಕ ಸುರಿಬ್ಯಾಡ್ರಿ. ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಶೀಟ್ ಹಾಸಿ ಮ್ಯಾಲ ತಾಡಪಾಲ ಹೊಚ್ಚಿ ಇಡ್ರಿ, ರಿಪೋರ್ಟ್ ತೋರಿಸಿ ಎಲ್ಲಿಗೆ ಒಯ್ಬೇಕು ಅಂತ ಮಂಡಳಿಯಿಂದ ಬರವಣಿಗಿಯೊಳಗ ತಗೋರಿ.

6. ಕೆಳಗಿನ ನೆಲ ತಿಳ್ಕೊಂಡು ಬಸಿಗಾಲುವಿ ಹಾಕೋದು

ಕಲಬುರಗಿಯ ಭಾಳ ಕಡೆ ಎರಿ ಮಣ್ಣು, ಅದರ ಕೆಳಗ ಮುರುಮ್, ಆಮ್ಯಾಲ ಕರಿಕಲ್ಲು, ಉಪ್ಪುನೀರು ಮುರುಮಿನಾಗ ಹರೀತದ. ಬೀದರಿನ ಕೆಂಪು ಮುರುಕಲ್ಲು ಬ್ಯಾರೆ ತರ, ನೀರು ಸರಕ್ಕನ ಇಳದು ಮುರುಕಲ್ಲು ಮುಗದು ಕೆಳಗಿನ ಗಟ್ಟಿ ಪದರ ಹತ್ತಿದ ತಾವಿನ್ಯಾಗ ಅಡ್ಡ ಹರೀತದ. ಬಹಮನಿ ಕಾಲದಾಗ ನೌಬಾದಿನ ಸುರಂಗ ಬಾವಿ ತೋಡಿದವ್ರು ಈ ಕೂಡು ಪದರಾನೇ ಹುಡುಕಿ ನೀರು ತಂದಿದ್ರು, ಉಪ್ಪೂ ಅದೇ ದಾರಿ ಹಿಡೀತದ ಅನ್ನೋದು ಮರಿಬಾರ್ದು. ಶಹಾಬಾದ್, ಸೇಡಂ, ಚಿತ್ತಾಪುರ ಕಡೆ ಫರ್ಸಿ ಕಲ್ಲಿನ ಸಂದಿನಾಗ ನೀರು ಭಾಳ ಜೋರು ಓಡ್ತದ, ಅಲ್ಲಿ ಗಟಾರ ತೋಡಿ ಹಿಡಿಯೋದು ಕಷ್ಟ, ಬೋರಿನಿಂದನ ಎತ್ತಬೇಕು. ಬೋರ್ ಪಾಯಿಂಟ್ ನೋಡೋರ ಹತ್ರ ನೆಲಕ್ಕ ಕರೆಂಟ್ ಬಿಟ್ಟು ಅಳಿಯೋ ರೆಸಿಸ್ಟಿವಿಟಿ ಮಷೀನ್ ಇರ್ತದಲ್ಲ, ಅದೇ ಮಷೀನು ಉಪ್ಪುನೀರು ಎಲ್ಲೀತನ ಹೋಗ್ಯದ ಅಂತಾನೂ ತೋರಸ್ತದ. ಎರಿ ಮಣ್ಣು ತಾನೇ ಕರೆಂಟ್ ಚಲೋ ಹಾಯಸ್ತದ, ಅದಕ್ಕ ದೂರದ ಒಂದು ಚಲೋ ಹೊಲದಾಗೂ ಅದೇ ಅಳತಿ ಮಾಡಿಸಿ ಹೋಲಸ್ರಿ.

ಎರಿ ಭೂಮಿಗೆ ಇಳಿಜಾರಿನ ಕಡೆ 1ರಿಂದ 1.2 ಮೀಟರ್ ಆಳ ತೋಡಿ, ತೂತಿನ ಪೈಪು ಹಾಕಿ, ಸುತ್ತ ಬಟ್ಟಿ ಮತ್ತ ಕಡಿ ತುಂಬಿ, ಕೊನಿಗೆ ಒಂದು ಪಕ್ಕಾ ಸಂಪಿಗೆ ಕೂಡಸ್ರಿ. ಪೈಪಿನ ಸಾಲಿನ ನಡುವ 15 ಮೀಟರ್ ಆಸುಪಾಸು ಅಂತರ ಇರ್ಲಿ. ನೀರು ಹಾಕೋ ಮೊದಲ ಈ ಸಂಪು ರೆಡಿ ಇರ್ಲೇಬೇಕು, ತೊಳೆದ ಉಪ್ಪು ಹಿಡಿಯಾಕ ಪಾತ್ರಿ ಇಲ್ಲದ ತೊಳಿಯೋದು ಅಂದ್ರ ಬೋರಿಗೆ ಉಪ್ಪು ಹಾಕಿದಂಗ.

7. ಜಿಪ್ಸಂ ಮೊದಲು, ನೀರು ಆಮ್ಯಾಲ

ಕಾಕಾರ ಹೊಲದಾಗ ಆದ ತಪ್ಪು ಇಲ್ಲೇ. ಯಾರೋ ತಿಳಿದವ್ರು ಅಂತ ಅನಿಸ್ಕೊಂಡವ್ರು "ಸಿಹಿನೀರು ನಿಲ್ಲಸ್ರಿ, ಉಪ್ಪು ತೊಳದ ಹೋಗ್ತದ" ಅಂದ್ರು, ನಾವು ಒಡ್ಡು ಹಾಕಿ ಟ್ಯಾಂಕರ್ ನೀರು ನಿಲ್ಲಿಸಿದ್ವಿ. ಮೊದಲ ವಾರ ನೀರು ಇಳೀತು, ಆಮ್ಯಾಲ ನಿಂತೇ ಬಿಡ್ತು. ಆರಿದ್ಮ್ಯಾಲ ನೆಲ ಹೆಂಗಾಗಿತ್ತಂದ್ರ ಮ್ಯಾಲ ಎಣ್ಣಿ ಸವರಿದಂಗ ಹೊಳಿಯೋ ಪದರ, ಕುಂಟಿ ಹೊಡದ್ರ ಕಲ್ಲಿಗೆ ಹೊಡದಂಗ ಸಪ್ಪಳ, ಬೀಜ ಒಳಗ ಹೋಗವಲ್ದು. ಎರಡು ಹಂಗಾಮು ಹೋತು. ಕಾಕಾ ಒಂದು ಮಾತೂ ಅನ್ಲಿಲ್ಲ, ಬದುವಿನ ಮ್ಯಾಲ ಕುಂತು ಆ ಹೆಂಟಿ ಕೈಯಾಗ ತಿರಗಸ್ತಿದ್ರು, ನನಗ ಅದು ಇನ್ನೂ ಕಣ್ಮುಂದ ಅದ.

ಆಗಿದ್ದೇನಂದ್ರ, ಮಣ್ಣಿನಾಗ ಉಪ್ಪು ಇರೋತನ ಜೇಡಿ ಕಣ ಗುಂಪಾಗಿ ಇರ್ತಾವ. ಸಿಹಿನೀರು ಉಪ್ಪು ತೊಳೀತು, ಕಣಕ್ಕ ಅಂಟಿದ ಸೋಡಿಯಂ ಅಲ್ಲೇ ಉಳೀತು, ಕಣ ಬಿಟ್ಟುಬಿಟ್ಟಾಗಿ ಸಣ್ಣ ತೂತೆಲ್ಲಾ ಮುಚ್ಚಿಬಿಟ್ವು. ಜಿಪ್ಸಂದಾಗಿನ ಕ್ಯಾಲ್ಸಿಯಂ ಆ ಸೋಡಿಯಂನ್ನ ತಳ್ಳಿ ತಾನು ಕೂಡ್ತದ, ಆಮ್ಯಾಲ ನೀರು ಹಾಕಿದ್ರ ಸೋಡಿಯಂ ಸಲ್ಫೇಟ್ ಆಗಿ ತೊಳದು ಹೋಗ್ತದ.

ಎಷ್ಟ್ ಹಾಕ್ಬೇಕು? ಸಿಇಸಿ 45, ಇಎಸ್‌ಪಿ 25, ಅದನ್ನ 10ಕ್ಕ ಇಳಿಸಬೇಕು ಅಂತಿಟ್ಕೋರಿ. 25ರಾಗ 10 ಕಳದ್ರ 15, 45ರ 15 ಪರ್ಸೆಂಟ್ ಅಂದ್ರ 6.75. ಎಕರೆಗೆ ಮ್ಯಾಲಿನ 15 ಸೆಂಟಿಮೀಟರಿಗೆ ಪ್ರತಿ ಒಂದಕ್ಕ 0.7 ಟನ್ ಶುದ್ಧ ಜಿಪ್ಸಂ, ಅಂದ್ರ 4.7 ಟನ್. ಸಿಗೋ ಜಿಪ್ಸಂ 80 ಪರ್ಸೆಂಟ್ ಶುದ್ಧ ಇದ್ರ 5.9 ಟನ್. ಒಂದೇ ಸಲ ಸುರಿಬ್ಯಾಡ್ರಿ, ಲೀಟರ್ ನೀರಿನಾಗ ಜಿಪ್ಸಂ ಕರಗೋದು ಎರಡು ಗ್ರಾಂ ಚಿಲ್ಲರೆ ಅಷ್ಟ, ಒಂದು ಟನ್ ಕರಗಾಕ ನಾಕ್ ಲಕ್ಷ ಲೀಟರ್ ಬೇಕು. ಎರಡು ಮೂರು ವರ್ಷಕ್ಕ ಹಂಚಿ ಹಾಕ್ರಿ, ಸಣ್ಣ ಪುಡಿ ಇರೋದನ್ನ ತಗೋರಿ, ಮ್ಯಾಲಿನ ಹತ್ತು ಸೆಂಟಿಮೀಟರಿನಾಗ ಬೆರಸ್ರಿ, ಆಳಕ್ಕ ನೇಗಿಲು ಹೊಡಿಬ್ಯಾಡ್ರಿ. ಗೊಬ್ಬರ ಕಾರ್ಖಾನಿಯ ಫಾಸ್ಫೋಜಿಪ್ಸಂ ಅಗ್ಗ ಸಿಕ್ರ ಫ್ಲೋರೈಡ್ ಟೆಸ್ಟ್ ಮಾಡಿಸಿ ತಗೋರಿ, ನಮ್ಮ ಕಡೆ ನೀರಿನಾಗ ಅದು ಮೊದಲ ಹೆಚ್ಚದ. ಲೋಟದ ಟೆಸ್ಟಿನಾಗ ಮೋಡ ಏಳದ, ಲ್ಯಾಬಿನ ಇಎಸ್‌ಪಿನೂ ಕಡಿಮಿ ಇದ್ದ ಮಣ್ಣಿಗೆ ಜಿಪ್ಸಂ ಖರ್ಚು ಬೇಕಾಗಿಲ್ಲ.

8. ತೊಳಿಯೋದು

ಅಂದಾಜು ಹಿಂಗ: 30 ಸೆಂಟಿಮೀಟರ್ ಮಣ್ಣಿಗೆ 15 ಸೆಂಟಿಮೀಟರ್ ನೀರು ಇಳದ್ರ ಅರ್ಧ ಉಪ್ಪು ಹೋಗ್ತದ, 30 ಸೆಂಟಿಮೀಟರ್ ಇಳದ್ರ 80 ಪರ್ಸೆಂಟ್. ಎಕರೆಗೆ 30 ಸೆಂಟಿಮೀಟರ್ ಅಂದ್ರ 12 ಲಕ್ಷ ಲೀಟರ್, 5,000 ಲೀಟರಿನ ಟ್ಯಾಂಕರ್ 240 ಬೇಕು. ಯಾರ ಕಿಸೆಗೂ ಆಗೋ ಮಾತಲ್ಲ. ಅದಕ್ಕ ಮಳಿ ಹಿಡೀರಿ, ಜೂನಿಗೆ ಮೊದಲ ಜಿಪ್ಸಂ ಬೆರೆಸಿ, ನೆಲ ಮಟ್ಟ ಮಾಡಿ, ಸಣ್ಣ ಸಣ್ಣ ಮಡಿ ಕಟ್ಟಿ ಒಡ್ಡು ಹಾಕ್ರಿ, ಬಿದ್ದ ನೀರು ಬಿದ್ದಲ್ಲೇ ಇಂಗಬೇಕು. ನೀರು ಸದಾ ನಿಲ್ಲಸೋಕಿಂತ ನಿಲ್ಲಿಸಿ, ಇಂಗಿಸಿ, ಬಿಟ್ಟು ಮತ್ತ ನಿಲ್ಲಿಸಿದ್ರ ಕಡಿಮಿ ನೀರಿನಾಗ ಹೆಚ್ಚು ಉಪ್ಪು ಇಳೀತದ. ನಮ್ಮ ಕಡೆ ವರ್ಷದ ಮಳಿ 750 ಮಿಲಿಮೀಟರ್ ಆಸುಪಾಸು, ಅದ್ರಾಗ ಭಾಳ ಪಾಲು ಆವಿ ಆಗ್ತದ, ಹಿಂಗಾಗಿ ಒಂದೇ ಮಳಿಗಾಲಕ್ಕ ಮುಗಿಯಂಗಿಲ್ಲ. ನಡುವ ನೆಲ ಬರಿದು ಬಿಡಬ್ಯಾಡ್ರಿ, ಕಣಕಿ, ತೊಗರಿ ಹೊಟ್ಟು ಏನರ ಹೊಚ್ಚಿದ್ರ ಉಪ್ಪು ವಾಪಸ್ ಏರೋದು ಕಡಿಮಿ ಆಗ್ತದ.

9. ಕೆಳಗಿನ ನೀರು

ಕನಿಷ್ಠ ಮೂರು ಬಾವಿ ಬೋರಿನ ನೀರಿನ ಮಟ್ಟ ಒಂದೇ ದಿನ ಅಳೀರಿ, ನೆಲದ ಎತ್ತರಾನೂ ಲೆವೆಲ್ ಹಾಕಿಸಿ ಬರಕೋರಿ, ನೀರು ಯಾವ ಕಡೆ ಹರೀತದ ಅಂತ ಮೂರು ಬಿಂದುವಿನಿಂದ ತಿಳೀತದ. ಕರಿಕಲ್ಲು, ಫರ್ಸಿ ಕಲ್ಲಿನಾಗ ನೀರು ಬಿರುಕು ಹಿಡದು ಹೋಗ್ತದ, ಅದಕ್ಕ ಬರೇ ಮೂರರ ಮ್ಯಾಲ ಪೂರಾ ಭರವಸಿ ಬ್ಯಾಡ.

ಉಪ್ಪುನೀರು ಭಾರ, ಬುಡಕ್ಕ ಕೂಡ್ತದ. ಕಾಕಾರ ತೆರೆದ ಬಾವ್ಯಾಗ ಕೊಡ ಬಿಟ್ಟು ಮ್ಯಾಲಿನ ನೀರು ತಗದು ನೋಡಿ ಪರವಾಗಿಲ್ಲ ಅಂದ್ಕೊಂಡಿದ್ವಿ. ಒಂದು ದಿನ ಬಾಟ್ಲಿಗೆ ಕಲ್ಲು ಕಟ್ಟಿ, ಬೂಚಿಗೆ ಬ್ಯಾರೆ ದಾರ ಕಟ್ಟಿ ಬುಡಕ್ಕ ಇಳಿಸಿ ಬೂಚು ಜಗ್ಗಿದ್ವಿ, ಮ್ಯಾಲ ಬಂದ ನೀರಿನ ಇಸಿ ಮ್ಯಾಲಿನ ನೀರಿನ ನಾಕ್ ಪಟ್ಟು ಇತ್ತು. ಯಾವಾಗ್ಲೂ ಎರಡು ಮೂರು ಆಳದಾಗ ತಗೀರಿ. ಕುಡಿಯೋ ನೀರಿಗೆ ಲೀಟರಿಗೆ ಮಿಲಿಗ್ರಾಂ ಲೆಕ್ಕದಾಗ ಟಿಡಿಎಸ್ 500, ಬ್ಯಾರೆ ನೀರು ಇಲ್ಲದಿದ್ರ 2,000 ತನ, ಕ್ಲೋರೈಡ್ 250, ಅದೂ ಇಲ್ಲದಿದ್ರ 1,000 ಅಂತ ಭಾರತೀಯ ಮಾನದಂಡ ಅದ. ದಾಟಿದ್ರ ಆ ಬಾವಿ ಕುಡಿಯಾಕ ಬಂದ್.

ಹಳೇ ಬಿಟ್ಟ ಬೋರು ಮ್ಯಾಲಿನ ಉಪ್ಪುನೀರಿಗೆ ಕೆಳಗಿನ ಚಲೋ ನೀರಿನ ದಾರಿ ಆಗಿರ್ತಾವ. ಕಲ್ಲು ಮುಚ್ಚಿದ್ರ ಸಾಲದು, ಪೈಪು ಬುಡಕ್ಕ ಇಳಿಸಿ ಸಿಮೆಂಟ್ ಮತ್ತ ಬೆಂಟೊನೈಟ್ (ನೀರಿಗೆ ಉಬ್ಬೋ ಜೇಡಿ ಪುಡಿ) ಗಂಜಿ ಕೆಳಗಿಂದ ಮ್ಯಾಲೀತನ ತುಂಬ್ರಿ, ಮಕ್ಕಳು ಬೀಳೋ ಅಪಾಯಾನೂ ಹೋಗ್ತದ.

ಎತ್ತೋದು ಹೊಂಡದ ಹತ್ರದ ಬೋರಿನಿಂದ, ನಿಧಾನಕ್ಕ, ದಿನಾ. ದಿನಕ್ಕ 20,000 ಲೀಟರ್, ಟಿಡಿಎಸ್ 6,000 ಇದ್ರ ದಿನಕ್ಕ 120 ಕೆಜಿ ಉಪ್ಪು ಹೊರಗ ಬಂತು, 30 ಟನ್ನಿಗೆ 250 ದಿನ. ಕಾಗದದ ಮ್ಯಾಲ ಇಷ್ಟ, ಖರೆ ಅಂದ್ರ ಬರಬರ್ತಾ ನೀರು ತಿಳಿ ಆಗಿ ಉಪ್ಪು ಬರೋದು ಕಡಿಮಿ ಆಗ್ತದ, ಕಡೀ ಪಾಲು ಭಾಳ ದಿನ ತಗೋತದ. ಈ ನೀರು ನಾಲಾಕ್ಕ ಬಿಡಂಗಿಲ್ಲ. ಆರ್‌ಓ ಹಾಕಿ 60 ಪರ್ಸೆಂಟ್ ಚಲೋ ನೀರು ಬಂದ್ರ 8,000 ಲೀಟರ್ ರಿಜೆಕ್ಟ್ ಉಳೀತದ, ಟಿಡಿಎಸ್ 15,000 ಆಸುಪಾಸು. ಮಳಿ ಕಳೆದು ವರ್ಷಕ್ಕ ಒಂದು ಮೀಟರ್ ಆವಿ ಆಗ್ತದ ಅಂತ ಹಿಡದ್ರ ಅದಕ್ಕ ಮುಕ್ಕಾಲು ಎಕರೆ ಹೊಂಡ ಬೇಕು, 1.5 ಮಿಲಿಮೀಟರ್ ಎಚ್‌ಡಿಪಿಇ ಶೀಟ್ ಹಾಸಿ, ಅಂಚು ಎತ್ತರಿಸಿ, ದನಕರು ಬರದಂಗ ಬೇಲಿ ಹಾಕಿ. ಬುಡದಾಗ ಉಳಿಯೋ ಗಟ್ಟಿ ಉಪ್ಪನ್ನೂ ಮಂಡಳಿ ಹೇಳಿದ ತಾವಿಗೇ ಒಯ್ಬೇಕು. ಆರ್‌ಓದ ಚಲೋ ನೀರು ಮಣ್ಣು ತೊಳಿಯಾಕ ಬಳಸಬಹುದು, ಆದ್ರ ಅದ್ರಾಗ ಕ್ಯಾಲ್ಸಿಯಂ ಇರಂಗಿಲ್ಲ, ಹಂಗೇ ಬಿಟ್ರ ಮತ್ತ ಮಣ್ಣು ಮುಚ್ಕೋತದ. ಜಿಪ್ಸಂ ಚೀಲ ಇಟ್ಟ ತೊಟ್ಟಿ ಹಾಯಿಸಿ ಬಿಡ್ರಿ.

10. ಬಿತ್ತೋದು, ಅಳಿಯೋದು

ಪೇಸ್ಟ್ ಇಸಿ 7ಕ್ಕಿಂತ ಕೆಳಗ ಬಂದ್ರ ಜೋಳ, ಹತ್ತಿ ಹಾಕಿ ನೋಡಬಹುದು. ಅದಕ್ಕ ಮೊದಲ ಹಸಿರು ಗೊಬ್ಬರದ ಬೆಳಿ ಧೈಂಚ ಹಾಕಿ ಹೂ ಬರೋದ್ರಾಗ ಮಣ್ಣಿಗೆ ಹೊಡದ್ರ ಬೇರಿನ ದಾರಿಯಿಂದ ನೀರು ಇಳಿಯಾಕ ಚಲೋ ಆಗ್ತದ. ತೊಗರಿ, ಕಡ್ಲಿ, ಹೆಸರು ಉಪ್ಪು ತಡಿಯಂಗಿಲ್ಲ, ಇವಕ್ಕ ಅವಸರ ಮಾಡಬ್ಯಾಡ್ರಿ. ಗಿಡ ಬೆಳೆಸಿ ಉಪ್ಪು ಹೀರಿಸ್ತೀವಿ ಅಂತ ಯಾರರ ಹೇಳಿದ್ರ, ಎಕರೆಗೆ ಎಷ್ಟ್ ಕೆಜಿ ಹೋಗ್ತದ ಅಂತ ಕೇಳಿ ನಿಮ್ಮ 600 ಚೀಲದ ಜೋಡಿ ಇಟ್ಟು ನೋಡ್ರಿ, ಅದೂ ಕಟಾವು ಮಾಡಿ ಹೊಲದ ಹೊರಗ ಒಯ್ದ್ರ ಮಾತ್ರ ಲೆಕ್ಕಕ್ಕ ಬರ್ತದ.

ಬಾವಿ ಬೋರಿನ ಇಸಿ ತಿಂಗಳಿಗೊಮ್ಮೆ, ಮಣ್ಣು ವರ್ಷಕ್ಕ ಎರಡು ಸಲ, ಮೇ ತಿಂಗಳಾಗ ಒಮ್ಮೆ, ದೀಪಾವಳಿ ಆದ್ಮ್ಯಾಲ ಒಮ್ಮೆ, ಅದೇ ತಾವು ಅದೇ ಆಳ. ದೀಪಾವಳಿ ಅಂಕಿ ನೋಡಿ ಖುಷಿ ಪಡಬ್ಯಾಡ್ರಿ, ಮಳಿ ನೀರು ಉಪ್ಪನ್ನ ಕೆಳಗ ಒತ್ತಿರ್ತದ ಅಷ್ಟ, ಮೇ ತಿಂಗಳ ಅಂಕಿ ಖರೆ ಅಂಕಿ. ಪಂಪ್ ನಿಲ್ಲಿಸಿ ಒಂದು ವರ್ಷ ಬಿಟ್ಟು, ಎರಡು ಮೇ ತಿಂಗಳ ಅಂಕಿ ಮ್ಯಾಲಿನ ಕಡೆಯ ಚಲೋ ಬಾವಿ ಹತ್ರಾನೇ ಇದ್ರ ಆಗ ಶೀಟು, ಸಂಪು ಬಿಚ್ಚಬಹುದು. ಕಾಕಾರ ಹೊಲದಾಗ ಹೊಂಡದ ಕಡೆಯ ಎರಡು ಮಡಿ ಇನ್ನೂ ಆ ಅಂಕಿಗೆ ಬಂದಿಲ್ಲ, ಅಲ್ಲಿ ಧೈಂಚ ನಿಂತದ. ಉಳಿದದ್ದರಾಗ ಈ ಸಲ ಬಿಳಿಜೋಳ ಹಾಕ್ಯಾರ.